ಸರ್ಫಿಂಗ್ ಕಲಿಯಲು ವೆಲಿಗಾಮ: ತಿಂಗಳು ನೋಡಿ ಹೋಗಿ, ಬೆಳಿಗ್ಗೆ ಬೇಗ ಏಳಿ

ಮೊದಲೇ ಹೇಳಿಬಿಡುತ್ತೇನೆ. ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಸರ್ಫಿಂಗ್ ಕಲಿಯುವ ಆಸೆ ಇದ್ದರೆ ವೆಲಿಗಾಮಕ್ಕೆ ಹೋಗಿ. ಮಿರಿಸ್ಸಾ ನೋಡಲು ಚೆಂದ, ಹಿಕ್ಕಡುವಾ ಹೆಸರುವಾಸಿ, ಅಹಂಗಾಮದಲ್ಲಿ ಕೆಫೆಗಳ ಸಾಲೇ ಇದೆ. ಆದರೆ ಬೋರ್ಡ್ ಮೇಲೆ ಮೊದಲ ಸಲ ಎದ್ದು ನಿಲ್ಲುವವರಿಗೆ ವೆಲಿಗಾಮದ ಕೊಲ್ಲಿಯಷ್ಟು ಅನುಕೂಲದ ಜಾಗ ಆ ಕಡೆ ನನಗೆ ಇನ್ನೊಂದು ಕಾಣಲಿಲ್ಲ. ನಾನು ಮತ್ತು ನನ್ನ ತಂಗಿ ಹೋಗಿದ್ದು ಫೆಬ್ರವರಿಯಲ್ಲಿ. ಅಲ್ಲಿನ ಪಾಠ, ಬೋರ್ಡ್ ಬಾಡಿಗೆ, ರೈಲು, ಊಟ ಎಲ್ಲದರ ಬಗ್ಗೆಯೂ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಹಾರಾಟ ಹೆಚ್ಚು ಕಡಿಮೆ ಒಂದೂವರೆ ಗಂಟೆ. ಹೋಗುವುದು ಸುಲಭವೇ. ಯಾವಾಗ ಹೋಗುತ್ತೀರಿ ಅನ್ನುವುದರಲ್ಲಿ ಎಲ್ಲಾ ಇದೆ.

ಈ ಅಲೆಗಳು ಹುಟ್ಟುವುದು ಲಂಕಾದ ಹತ್ತಿರ ಅಲ್ಲವೇ ಅಲ್ಲ. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾದ ಕಡೆ ಏಳುವ ಬಿರುಗಾಳಿಗಳಿಂದ ಹೊರಟು ಸಾವಿರಾರು ಕಿಲೋಮೀಟರ್ ದಾಟಿ ಬರುತ್ತವೆ. ಲಂಕಾದ ದಕ್ಷಿಣ ತುದಿ ದೇವುಂದರದಿಂದ ಆಚೆ ಅಂಟಾರ್ಕ್ಟಿಕಾವರೆಗೂ ತಡೆಯುವ ನೆಲ ಇಲ್ಲ. ಹಾಗಾಗಿ ಅಲೆ ವರ್ಷವಿಡೀ ಬರುತ್ತದೆ. ಬದಲಾಗುವುದು ಗಾಳಿ. ಮೇಯಿಂದ ಸೆಪ್ಟೆಂಬರ್ ತನಕ ನೈರುತ್ಯ ಮುಂಗಾರು ಸಮುದ್ರದಿಂದ ದಡಕ್ಕೆ ಬೀಸಿ ಅಲೆಗಳನ್ನು ಕಲಕಿಬಿಡುತ್ತದೆ, ಮಳೆಯೂ ಜೊತೆಗೆ. ನಮ್ಮ ಮಂಗಳೂರು ಕಡೆ ಆಗುವುದೂ ಇದೇ ಅಲ್ವಾ. ನವೆಂಬರ್ ಕೊನೆಯಿಂದ ಏಪ್ರಿಲ್ ತನಕ ಗಾಳಿ ನೆಲದ ಕಡೆಯಿಂದ ಬರುವುದರಿಂದ ಅಲೆ ನೀಟಾಗಿ ನಿಂತು ಒಡೆಯುತ್ತದೆ, ಗಾತ್ರವೂ ಚಿಕ್ಕದು. ಕಲಿಯುವವರಿಗೆ ಬೇಕಾಗಿರುವುದು ಇದೇ.

ಇದನ್ನು ನಮ್ಮ ರಜೆಗಳ ಜೊತೆ ಹೊಂದಿಸಿ ನೋಡಿ. ಮಕ್ಕಳಿರುವ ಮನೆಯವರು ಹೊರಡುವುದು ದಸರಾಗೆ, ಕ್ರಿಸ್‌ಮಸ್‌ಗೆ, ಇಲ್ಲಾ ಏಪ್ರಿಲ್-ಮೇ ಬೇಸಿಗೆ ರಜೆಗೆ. ದಸರಾ ಹೊತ್ತಿಗೆ ದಕ್ಷಿಣದಲ್ಲಿ ಮಳೆ ಜಾಸ್ತಿ, ದಯವಿಟ್ಟು ಬೇಡ. ಕ್ರಿಸ್‌ಮಸ್ ವೇಳೆಗೆ ಸಮುದ್ರ ಚೆನ್ನಾಗಿರುತ್ತದೆ, ಆದರೆ ಯುರೋಪಿನ ಜನವೂ ರಷ್ಯಾದ ಜನವೂ ಆಗಲೇ ಬರುತ್ತಾರೆ, ರೂಮಿನ ಬೆಲೆ ಏರಿರುತ್ತದೆ, ನೀರಲ್ಲೂ ಬೋರ್ಡಿಗೆ ಬೋರ್ಡ್ ತಾಗುವಷ್ಟು ಗದ್ದಲ. ಬೇಸಿಗೆ ರಜೆಯಾದರೆ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮೊದಲ ವಾರದಲ್ಲೇ ಹೋಗಿ ಬನ್ನಿ. ಏಪ್ರಿಲ್ 13, 14ರ ಸುಮಾರಿಗೆ ಅಲ್ಲಿ ಸಿಂಹಳ-ತಮಿಳು ಹೊಸ ವರ್ಷ. ಅಂಗಡಿ ಹೋಟೆಲ್ ಎಷ್ಟೋ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ರೈಲು ಬಸ್ಸು ತುಂಬಿರುತ್ತವೆ, ಹೇಳಿಕೊಡುವ ಹುಡುಗರೂ ಮನೆಗೆ ಹೋಗಿರುತ್ತಾರೆ. ಮಕ್ಕಳ ಶಾಲೆಯ ಲೆಕ್ಕ ಇಲ್ಲದವರಿಗೆ ಫೆಬ್ರವರಿ, ಮಾರ್ಚ್ ಬಿಟ್ಟು ಬೇರೆ ತಿಂಗಳು ಯೋಚಿಸಲೇಬೇಡಿ ಅನ್ನುತ್ತೇನೆ.

ಜೂನ್-ಜುಲೈಯಲ್ಲೇ ರಜೆ ಸಿಗುವವರಿಗೆ ಪೂರ್ವದ ಅರುಗಂ ಬೇ ಇದೆ. ಪೊತ್ತುವಿಲ್ ಹತ್ತಿರದ ಊರು. ದಕ್ಷಿಣದ ಸೀಸನ್ ಮುಗಿದಾಗ ಅಲ್ಲಿಯದು ಶುರು, ಸೆಪ್ಟೆಂಬರ್ ತನಕ ನಡೆಯುತ್ತದೆ. ಅಲ್ಲಿನ ಮೇನ್ ಪಾಯಿಂಟ್ ಪಳಗಿದವರಿಗೆ, ಬೇಬಿ ಪಾಯಿಂಟ್ ಹೊಸಬರಿಗೆ. ಪೊತ್ತುವಿಲ್ ಕಡೆ ತಮಿಳು ಮಾತಾಡುವವರೇ ಜಾಸ್ತಿ, ತಮಿಳು ಬರುವ ಬೆಂಗಳೂರಿನವರಿಗೆ ಅನುಕೂಲ. ಅಲ್ಲಿನ ಹೆಣ್ಣುಮಕ್ಕಳೇ ಸೇರಿ 2018ರಲ್ಲಿ ಅರುಗಂ ಬೇ ಗರ್ಲ್ಸ್ ಸರ್ಫ್ ಕ್ಲಬ್ ಕಟ್ಟಿದ್ದಾರೆ. ಹೆಂಗಸರು ನೀರಿಗಿಳಿದರೆ ಊರವರು ಮಾತಾಡಿಕೊಳ್ಳುವ ಜಾಗದಲ್ಲಿ ಇದು ಸಣ್ಣ ಕೆಲಸ ಅಲ್ಲ. ನನ್ನ ಮುಂದಿನ ಪ್ರಯಾಣ ಅಲ್ಲಿಗೇ. ಆದರೆ ಕೊಲಂಬೊದಿಂದ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತದೆ, ಊರಿನ ತನಕ ರೈಲಿಲ್ಲ. ನಾಲ್ಕು ದಿನದ ರಜೆಗೆ ಅದು ಆಗದ ಮಾತು.

ಈಗ ವೆಲಿಗಾಮ. ಗಾಲೆ ಮತ್ತು ಮಾತರ ನಡುವೆ ಅರ್ಧಚಂದ್ರದ ಹಾಗೆ ಬಾಗಿದ ದೊಡ್ಡ ಕೊಲ್ಲಿ. ಕೆಳಗೆ ಮರಳು. ಇದು ಬಹಳ ಮುಖ್ಯ, ಯಾಕೆಂದರೆ ಆ ದಡದ ಹೆಸರಾಂತ ಅಲೆಗಳು ಹೆಚ್ಚಿನವು ಬಂಡೆ, ಹವಳದ ಮೇಲೆ ಒಡೆಯುವಂಥವು. ಅಲ್ಲಿ ಬಿದ್ದರೆ ಕಾಲು ಕೊಯ್ಯುತ್ತದೆ, ಸೀ ಅರ್ಚಿನ್ ಅನ್ನುವ ಸಮುದ್ರಜೀವಿಯ ಮುಳ್ಳು ಚುಚ್ಚಿ ರಜೆಯೇ ಮುಗಿಯುತ್ತದೆ. ವೆಲಿಗಾಮದಲ್ಲಿ ಬಿದ್ದರೆ ಮರಳು. ಹಾಗೆ ಬೀಳುತ್ತಾ ಬೀಳುತ್ತಾ ಕಲಿಯಬಹುದು. ಸೊಂಟದ ಮಟ್ಟದ ನೀರಲ್ಲಿ ನಿಂತುಕೊಂಡೇ ಅಲೆ ಹಿಡಿಯಬಹುದು. ನೀರು ಬೆಚ್ಚಗೆ, ಸುಮಾರು 28 ಡಿಗ್ರಿ. ಒಂದು ರ‍್ಯಾಶ್ ಗಾರ್ಡ್ (ನೀರಿಗೆ ಹಾಕುವ ಬಿಗಿಯಾದ ಅಂಗಿ), ಒಳ್ಳೆ ಚಡ್ಡಿ ಅಥವಾ ಲೆಗ್ಗಿಂಗ್ಸ್ ಇದ್ದರೆ ಸಾಕು. ಮೈ ಮುಚ್ಚುವ ಬಟ್ಟೆಯಲ್ಲಿ ಇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಅಲ್ಲಿನ ಬಿಸಿಲಿಗೆ ಅದೇ ಒಳ್ಳೆಯದು ಕೂಡ. ಬೋರ್ಡ್ ಮೇಲೆ ಹೊಟ್ಟೆ ಉಜ್ಜಿ ಚರ್ಮ ಕೆಂಪಾಗುವುದೂ ತಪ್ಪುತ್ತದೆ.

ದಡದ ಉದ್ದಕ್ಕೂ ಗುಡಿಸಲಿನಂಥ ಅಂಗಡಿಗಳು, ಮುಂದೆ ಬೋರ್ಡ್‌ಗಳ ಸಾಲು. ನೀವು ನಡೆದು ಹೋದರೆ ಹತ್ತು ಜನ ಕರೆಯುತ್ತಾರೆ. ಇಲ್ಲೇ ತುಸು ನಿಂತು ನೋಡಿ ಆರಿಸಬೇಕು. ನಮ್ಮ ಮೊದಲ ಪಾಠ ಸಪ್ಪೆ. ಆ ಅಂಗಡಿಯ ಹೆಸರು ಬೇಡ. ಮರಳಿನ ಮೇಲೆ ಐದು ನಿಮಿಷ ಏನೋ ತೋರಿಸಿದ, ನೀರಿಗೆ ಕರೆದುಕೊಂಡು ಹೋದ, ಅಲೆ ಬಂದಾಗಲೆಲ್ಲ ಬೋರ್ಡ್ ಹಿಂದಿನಿಂದ ತಳ್ಳಿದ, ಎದ್ದು ನಿಂತೆವು, ಬಿದ್ದೆವು, ಫೋಟೊ ತೆಗೆದ, ಗಂಟೆ ಮುಗಿಯಿತು. ಖುಷಿಯೇನೋ ಆಯಿತು. ಆದರೆ ಯಾವ ಅಲೆ ಹಿಡಿಯಬೇಕು, ಯಾವುದನ್ನು ಬಿಡಬೇಕು, ಯಾವಾಗ ಕೈ ಬೀಸಲು ಶುರುಮಾಡಬೇಕು, ಒಂದೂ ಗೊತ್ತಾಗಲಿಲ್ಲ. ತಳ್ಳುವವರು ಇಲ್ಲದಿದ್ದರೆ ನಾವು ಸುಮ್ನೆ ತೇಲುವವರೇ.

ಮರುದಿನ ಬೇರೆ ಕಡೆ ಹೋದೆವು. ಅಲ್ಲಿ ಕಲಿಸಿದ ಹುಡುಗ ಅದೇ ಊರಿನ ಮೀನುಗಾರರ ಮನೆಯವನು. ನಮ್ಮನ್ನು ಮೊದಲು ಕೇಳಿದ್ದು ಈಜು ಬರುತ್ತದಾ ಅಂತ. ತಂಗಿಗೆ ಅಷ್ಟಾಗಿ ಬರುವುದಿಲ್ಲ ಅಂದಾಗ ಅವಳನ್ನು ಎದೆಮಟ್ಟ ದಾಟಿ ಬಿಡಲೇ ಇಲ್ಲ. ನೀರಿಗೆ ಇಳಿಯುವ ಮುಂಚೆ ಹದಿನೈದು ನಿಮಿಷ ದಡದಲ್ಲಿ ಕೂರಿಸಿ ಸಮುದ್ರ ನೋಡಿಸಿದ. ಎಲ್ಲಿ ನೊರೆ ಇದೆ, ಎಲ್ಲಿ ಇಲ್ಲ, ನೊರೆ ಇಲ್ಲದೆ ಸಮಾಧಾನವಾಗಿ ಕಾಣುವ ಪಟ್ಟಿಯಲ್ಲೇ ನೀರು ವಾಪಸ್ ಎಳೆಯುವುದು, ಅದೇ ರಿಪ್ ಕರೆಂಟ್, ಅದರಲ್ಲಿ ಸಿಕ್ಕಿದರೆ ದಡಕ್ಕೆ ಎದುರಾಗಿ ಹೋರಾಡದೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು ಅಂತೆಲ್ಲ ಹೇಳಿದ. ಬೀಳುವಾಗ ತಲೆ ಕೆಳಗಾಗಿ ಹಾರಬಾರದು, ಅಗಲವಾಗಿ ಚಪ್ಪಟೆ ಬೀಳಬೇಕು, ಮೇಲೆ ಬರುವಾಗ ಎರಡೂ ಕೈ ತಲೆ ಮೇಲಿರಬೇಕು, ಯಾಕೆಂದರೆ ಲೀಶ್ ಅನ್ನುವ ಹಗ್ಗದಿಂದ ಕಾಲಿಗೆ ಕಟ್ಟಿದ ಬೋರ್ಡ್ ಮೇಲೇ ಕಾಯುತ್ತಿರುತ್ತದೆ. ಎದ್ದು ನಿಂತಾಗ ಕಾಲು ನೋಡಬೇಡಿ, ದಡದ ತೆಂಗಿನಮರ ನೋಡಿ ಅಂದ. ಅಷ್ಟೇ ಮಾಡಿದ್ದಕ್ಕೆ ನನ್ನ ಬ್ಯಾಲೆನ್ಸ್ ಅರ್ಧ ಸರಿಹೋಯಿತು. ಆಮೇಲಿನ ಪಾಠದಲ್ಲಿ ತಳ್ಳುವುದನ್ನೇ ನಿಲ್ಲಿಸಿದ. ಸ್ವಂತ ಕೈಯಲ್ಲಿ ನೀರು ಎಳೆದು ಹಿಡಿದ ಮೊದಲ ಅಲೆ ಏನು ಕೊಡುತ್ತದೆ ಅಂತ ಬರೆದು ಹೇಳುವುದು ಕಷ್ಟ. ಭುಜ ಉರಿಯುತ್ತಿತ್ತು, ಬಾಯಿ ತುಂಬ ಉಪ್ಪುನೀರು, ಆದರೂ ಇಬ್ಬರೂ ಕೂಗಿದೆವು.

ಹಾಗಾಗಿ ಪಾಠ ಮಾತಾಡುವ ಮೊದಲು ಇಷ್ಟು ಕೇಳಿ: ಒಬ್ಬರು ಎಷ್ಟು ಜನರಿಗೆ ಕಲಿಸುತ್ತಾರೆ, ದಡದ ಮೇಲೆ ಎಷ್ಟು ಹೊತ್ತು, ನಾವೇ ಅಲೆ ಹಿಡಿಯುವುದು ಯಾವಾಗಿನಿಂದ. ಇಬ್ಬರಿಗೊಬ್ಬರು ಸಿಕ್ಕರೆ ಚೆನ್ನ, ನಾಲ್ಕಕ್ಕಿಂತ ಜಾಸ್ತಿ ಆದರೆ ಬೇಡ ಅನ್ನಿ. ನಾವು ಕೊಟ್ಟಿದ್ದು ಒಂದು ಪಾಠಕ್ಕೆ ತಲಾ 4,000 ಶ್ರೀಲಂಕಾ ರೂಪಾಯಿ, ಬೋರ್ಡ್ ಬಾಡಿಗೆಯೂ ಅದರಲ್ಲೇ. ಅಲ್ಲಿನ ಒಂದು ರೂಪಾಯಿಗೆ ನಮ್ಮ ಸುಮಾರು ಮೂವತ್ತು ಪೈಸೆ ಅಂತ ಲೆಕ್ಕ ಹಾಕಿಕೊಳ್ಳಿ. ಚೌಕಾಸಿ ನಡೆಯುತ್ತದೆ, ನಾಲ್ಕೈದು ಪಾಠ ಒಟ್ಟಿಗೆ ಅಂದರೆ ಕಡಿಮೆ ಮಾಡುತ್ತಾರೆ. ಆದರೆ ಮೊದಲ ಪಾಠ ನೋಡದೆ ಐದರ ದುಡ್ಡು ಒಟ್ಟಿಗೆ ಕೊಡಬೇಡಿ. ರೂಮಿನಲ್ಲಿ ಉಳಿಸಿ, ಕಲಿಸುವವರ ಮೇಲೆ ಖರ್ಚು ಮಾಡಿ, ಇದು ನನ್ನ ಖಚಿತ ಅಭಿಪ್ರಾಯ. ಎಂಟು ಗಂಟೆ ನಿದ್ದೆ ಮಾಡಲು ಸಮುದ್ರ ಕಾಣುವ ಕಿಟಕಿ ಯಾಕೆ ಬೇಕು ಹೇಳಿ? ರಸ್ತೆಯಿಂದ ಒಳಗೆ ಹತ್ತು ನಿಮಿಷ ನಡೆದರೆ ಮನೆಯವರೇ ನಡೆಸುವ ಗೆಸ್ಟ್ ಹೌಸ್‌ಗಳು ಅರ್ಧ ಬೆಲೆಗೆ ಸಿಗುತ್ತವೆ. ನಾವಿದ್ದ ಮನೆಯ ಅಮ್ಮ ಬೆಳಿಗ್ಗೆ ನಾವು ನೀರಿನಿಂದ ಬರುವ ಹೊತ್ತಿಗೆ ಸರಿಯಾಗಿ ತಿಂಡಿ ಇಡುತ್ತಿದ್ದರು.

ಬೋರ್ಡ್ ಮಾತ್ರ ಬಾಡಿಗೆಗೆ ತೆಗೆದುಕೊಳ್ಳುವಾಗ ಒಂದು ಜಾಗ್ರತೆ. ತೆಗೆದುಕೊಳ್ಳುವ ಮೊದಲು ಅಂಗಡಿಯವರ ಎದುರೇ ಬೋರ್ಡಿನ ಎರಡೂ ಕಡೆ, ಮೂಗು, ಬಾಲ, ಅಡಿಯಲ್ಲಿ ರೆಕ್ಕೆಯಂತಿರುವ ಫಿನ್, ಎಲ್ಲದರ ವಿಡಿಯೊ ಮಾಡಿಕೊಳ್ಳಿ. ಒಂದು ಕಡೆ ನಾವು ವಾಪಸ್ ಕೊಟ್ಟಾಗ ಹಳೆಯ ಬಿರುಕು ತೋರಿಸಿ ದುಡ್ಡು ಕೇಳಿದರು. ವಿಡಿಯೊ ಇತ್ತು, ತೋರಿಸಿದೆ, ಮಾತು ಅಲ್ಲಿಗೇ ಮುಗಿಯಿತು. ಆದರೂ ಬೇಜಾರಾಯಿತು. ಹೊಸಬರು ಎಂಟು-ಒಂಬತ್ತು ಅಡಿಯ ಸಾಫ್ಟ್ ಟಾಪ್, ಅಂದರೆ ಮೇಲ್ಭಾಗ ಮೆತ್ತಗಿರುವ ಬೋರ್ಡೇ ತೆಗೆದುಕೊಳ್ಳಿ. ನೋಡಲು ದೊಡ್ಡ ಬಾಗಿಲಿನ ಹಾಗಿರುತ್ತದೆ, ಆದರೆ ತೇಲುವುದು, ನಿಲ್ಲುವುದು ಅದರಲ್ಲೇ. ಚಿಕ್ಕ ಬೋರ್ಡ್ ಸ್ಟೈಲಾಗಿ ಕಾಣುತ್ತದೆ ಅಂತ ಹೋದರೆ ಅಲೆ ಸಿಗುವುದಿಲ್ಲ. ಲೀಶ್ ಕಟ್ಟುವ ಕಡೆ ದಾರ ಸವೆದಿದೆಯಾ ನೋಡಿ.

ಹೊತ್ತಿನ ವಿಷಯ. ಆರೂವರೆಗೆ ನೀರಲ್ಲಿರಿ. ಆಗ ಗಾಳಿ ಇರುವುದಿಲ್ಲ ಅಥವಾ ನೆಲದಿಂದ ಮೆಲ್ಲಗೆ ಬೀಸುತ್ತಿರುತ್ತದೆ, ನೀರು ನುಣುಪಾಗಿರುತ್ತದೆ, ಜನ ಕಡಿಮೆ. ನೆಲ ಕಾಯುತ್ತಾ ಬಂದಂತೆ ಸಮುದ್ರದ ಗಾಳಿ ಏಳುತ್ತದೆ, ಹತ್ತು-ಹನ್ನೊಂದರ ಮೇಲೆ ಅಲೆ ಒರಟಾಗುತ್ತದೆ, ಅಷ್ಟರಲ್ಲಿ ಎಲ್ಲರೂ ಎದ್ದು ಬಂದಿರುತ್ತಾರೆ. ಇಡೀ ಪ್ರವಾಸವನ್ನು ಈ ಬೆಳಗಿನ ಎರಡು ಗಂಟೆಯ ಸುತ್ತ ಕಟ್ಟಿ. ಸುತ್ತಾಟ, ಶಾಪಿಂಗ್, ಗಾಲೆ ಕೋಟೆ ಎಲ್ಲ ಮಧ್ಯಾಹ್ನಕ್ಕೆ. ಮೂರು ದಿನದ ಹೊತ್ತಿಗೆ ಕೈ ಎತ್ತಲು ಆಗದಷ್ಟು ಭುಜ ನೋಯುತ್ತದೆ, ಆ ದಿನ ರಜೆ ಕೊಟ್ಟು ಗಾಲೆಗೆ ಹೋಗಿ ಬನ್ನಿ. ಕೋಟೆ ಗೋಡೆ ಮೇಲಿಂದ ಕ್ರಿಕೆಟ್ ಮೈದಾನ ಪೂರ್ತಿ ಕಾಣುತ್ತದೆ, ಟೆಸ್ಟ್ ಪಂದ್ಯ ಇದ್ದರೆ ಜನ ಅಲ್ಲೇ ನಿಂತು ನೋಡುತ್ತಾರೆ.

ನೀರಲ್ಲಿ ಒಂದು ನಿಯಮ ಇದೆ. ಅಲೆ ಒಡೆಯುವ ತುದಿಗೆ ಹತ್ತಿರ ಇರುವವರದ್ದು ಅಲೆ. ಅವರು ಎದ್ದಿದ್ದಾರೆ ಅಂದರೆ ನೀವು ಬಿಡಬೇಕು. ಕಲಿಯುವವರ ಗದ್ದಲದಲ್ಲಿ ಇದನ್ನು ಯಾರೂ ಪಾಲಿಸುವುದಿಲ್ಲ ಅಂತ ಅನಿಸಬಹುದು, ಆದರೆ ಮುಂದೆ ಮಿದಿಗಾಮದ ಲೇಜಿ ರೈಟ್, ಲೇಜಿ ಲೆಫ್ಟ್‌ಗೋ ಕಬಲಾನದ ದಿ ರಾಕ್‌ಗೋ ಹೋಗುವ ಆಸೆ ಇದ್ದರೆ ಈಗಲೇ ಅಭ್ಯಾಸ ಮಾಡಿಕೊಳ್ಳಿ. ಅವೆಲ್ಲ ಬಂಡೆ ಮೇಲಿನ ಅಲೆ, ಅಲ್ಲಿ ಜಾಗ ಕಡಿಮೆ. ನಾವು ದಡದಿಂದ ನೋಡಿ ಬಂದೆವು ಅಷ್ಟೆ. ಹಿರಿಕೇತಿಯ ಅನ್ನುವುದು ಕುದುರೆ ಲಾಳದ ಆಕಾರದ ಪುಟ್ಟ ಕೊಲ್ಲಿ, ಬಲು ಚೆಂದ, ಆದರೆ ಸೀಸನ್‌ನಲ್ಲಿ ಕಿಕ್ಕಿರಿದಿರುತ್ತದೆ. ಮಿರಿಸ್ಸಾಕ್ಕೆ ತಿಮಿಂಗಿಲ ನೋಡಲು ಹೋಗುವವರಿಗೆ ಒಂದು ಮಾತು: ನೀಲಿ ತಿಮಿಂಗಿಲಗಳು ಅಲ್ಲಿ ದಡಕ್ಕೆ ಹತ್ತಿರ ಬರುವುದು ನಿಜ, ಅವನ್ನು ಅಟ್ಟಿಸಿಕೊಂಡು ಹೋಗದೆ ದೂರ ನಿಲ್ಲಿಸುವ ದೋಣಿಯವರನ್ನೇ ಹುಡುಕಿ. ಕೊಗ್ಗಲ ಕಡೆ ಕಂಬದ ಮೇಲೆ ಕೂತು ಮೀನು ಹಿಡಿಯುವವರು ಈಗ ಹೆಚ್ಚಾಗಿ ಫೋಟೊಗೆ ಕೂರುತ್ತಾರೆ, ದುಡ್ಡು ಕೇಳುತ್ತಾರೆ, ಕೊಡಿ.

ಹೋಗುವ ದಾರಿ ಬಗ್ಗೆ. ಕಟುನಾಯಕ ವಿಮಾನ ನಿಲ್ದಾಣ ಕೊಲಂಬೊದಿಂದ ಉತ್ತರಕ್ಕಿದೆ. ಟ್ಯಾಕ್ಸಿ ಹಿಡಿದರೆ ಎಕ್ಸ್‌ಪ್ರೆಸ್‌ವೇಯಲ್ಲಿ ನೇರ ವೆಲಿಗಾಮಕ್ಕೆ ಬರಬಹುದು, ರಾತ್ರಿ ಇಳಿದರೆ ಅದೇ ಸರಿ. ಆದರೆ ಹಗಲಾಗಿದ್ದರೆ ರೈಲು ಬಿಡಬೇಡಿ. ಕೊಲಂಬೊ ಫೋರ್ಟ್ ಸ್ಟೇಷನ್‌ನಿಂದ ಮಾತರ ಕಡೆಗೆ ಹೋಗುವ ಗಾಡಿ ಹತ್ತಿ ಬಲಗಡೆ ಕಿಟಕಿ ಹಿಡಿಯಿರಿ. ದೆಹಿವಲ, ಮೌಂಟ್ ಲವೀನಿಯಾ ದಾಟುವ ತನಕ ಹಳಿಯ ಪಕ್ಕವೇ ಸಮುದ್ರ, ಎಷ್ಟು ಪಕ್ಕ ಅಂದರೆ ಕಿಟಕಿಯಿಂದ ಉಪ್ಪುಗಾಳಿ ಮುಖಕ್ಕೆ ಬಡಿಯುತ್ತದೆ. ಗಾಲೆಯಲ್ಲಿ ಹಳಿ ಮುಗಿಯುವುದರಿಂದ ಗಾಡಿ ಅಲ್ಲಿಂದ ಹಿಂದುಮುಂದಾಗಿ ಹೊರಡುತ್ತದೆ, ತಪ್ಪು ಗಾಡಿ ಹತ್ತಿದೆವಾ ಅಂತ ಗಾಬರಿ ಬೇಡ. ಮೂರು ಗಂಟೆ ಹತ್ತಿರ ಹಿಡಿಯುತ್ತದೆ, ಎರಡನೇ ದರ್ಜೆ ಟಿಕೆಟ್ ತುಂಬಾ ಅಗ್ಗ. ಸಂಜೆ ಆಫೀಸು ಬಿಡುವ ಹೊತ್ತಿನ ಗಾಡಿಗೆ ಮಾತ್ರ ಬ್ಯಾಗ್ ಹೊತ್ತು ಹೋಗಬೇಡಿ, ನಿಲ್ಲಲೂ ಜಾಗ ಇರುವುದಿಲ್ಲ.

ಹಿಕ್ಕಡುವಾ ಬರುವ ಮುಂಚೆ ಪೆರಲಿಯ ಅನ್ನುವ ಊರು ಸಿಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಇದೇ ಹಳಿಯ ಮೇಲೆ ನಿಂತಿದ್ದ ರೈಲನ್ನು ಹೊಡೆದುಕೊಂಡು ಹೋಯಿತು. ಸಾವಿರಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಎತ್ತರದ ಬುದ್ಧನ ಪ್ರತಿಮೆ ನಿಲ್ಲಿಸಿದ್ದಾರೆ. ಈ ದಡದಲ್ಲಿ ಸರ್ಫಿಂಗ್ ಕಲಿಸುವ, ರೂಮು ಕೊಡುವ ಮನೆಗಳಲ್ಲಿ ಆ ದಿನ ಯಾರನ್ನಾದರೂ ಕಳೆದುಕೊಂಡವರು ಎಷ್ಟೋ ಜನ ಇದ್ದಾರೆ. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ.

ಊಟದ ವಿಷಯದಲ್ಲಿ ನಮ್ಮ ಕರಾವಳಿ, ಮಲೆನಾಡಿನವರಿಗೆ ಅದು ಪರವೂರು ಅಂತ ಅನಿಸುವುದೇ ಇಲ್ಲ. ಕೆಂಪಕ್ಕಿ ಅನ್ನ, ತೆಂಗಿನ ಹಾಲಿನ ಬೇಳೆ ಸಾರು, ಎಳೆ ಹಲಸಿನ ಪಲ್ಯ, ಅವರು ಪೊಲೊಸ್ ಅನ್ನುವ ನಮ್ಮ ಗುಜ್ಜೆ. ಒಂದೆಲಗಕ್ಕೆ ತೆಂಗಿನತುರಿ, ನಿಂಬೆರಸ ಹಾಕಿ ಕಲಸಿದ ಗೊಟುಕೊಲ ಸಂಬೋಲ ತಿಂದಾಗ ನನಗೆ ಅಜ್ಜಿಯ ತಂಬುಳಿ ನೆನಪಾಯಿತು. ಬೆಳಿಗ್ಗೆ ಶ್ಯಾವಿಗೆಯಂಥ ಇಡಿಯಪ್ಪ, ಸಂಜೆ ಬಿಸಿ ಆಪ್ಪ. ಎಮ್ಮೆ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ, ಮೇಲೆ ಕಿತುಲ್ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಅಂದರೆ ನಮ್ಮ ಮಲೆನಾಡಿನ ಬೈನೆ ಮರವೇ. ಅದರ ರಸ ಕುದಿಸಿ ಮಾಡಿದ ಪಾಕ, ಬೆಲ್ಲದ ರುಚಿಗೆ ಸ್ವಲ್ಪ ಹೊಗೆಯ ವಾಸನೆ. ಇದೊಂದಕ್ಕೇ ನಾನು ಐದಕ್ಕೆ ಐದು ಕೊಡುತ್ತೇನೆ.

ಸಸ್ಯಾಹಾರಿಗಳು ಮಾತ್ರ ಒಂದನ್ನು ನೆನಪಿಟ್ಟುಕೊಳ್ಳಿ. ತೆಂಗಿನ ಚಟ್ನಿ ಥರ ಕಾಣುವ ಪೊಲ್ ಸಂಬೋಲದಲ್ಲಿ ಉಂಬಲಕಡ ಇರಬಹುದು. ಅದು ಒಣಗಿಸಿದ ಮೀನಿನ ಪುಡಿ. ಕೆಲವು ತರಕಾರಿ ಪಲ್ಯಗಳಿಗೂ ಹಾಕುತ್ತಾರೆ. ಮೀನು ಬೇಡ ಅಂದರೆ ತುಂಡು ಇರುವುದಿಲ್ಲ, ಪುಡಿ ಇರುತ್ತದೆ. ಹಾಗಾಗಿ ಉಂಬಲಕಡ ಅಂತ ಹೆಸರು ಹಿಡಿದೇ ಕೇಳಿ. ಮನೆಯವರು ನಡೆಸುವ ಜಾಗದಲ್ಲಿ ಹಿಂದಿನ ದಿನ ಹೇಳಿದರೆ ಸಂತೋಷವಾಗಿ ಬೇರೆ ಮಾಡಿಕೊಡುತ್ತಾರೆ. ಬೀಚ್ ಮೇಲಿನ ಕೆಫೆಗಳಲ್ಲಿ ಅವಕಾಡೊ ಟೋಸ್ಟ್, ಹಣ್ಣಿನ ಬೌಲ್ ಎಲ್ಲ ಸಿಗುತ್ತದೆ, ಬೆಲೆ ಬೆಂಗಳೂರಿನ ಇಂದಿರಾನಗರದ ಮಟ್ಟದ್ದು. ಕಿತ್ತಳೆ ಬಣ್ಣದ ಎಳನೀರು, ತಂಬಿಲಿ, ನೀರಿನಿಂದ ಬಂದ ಕೂಡಲೇ ಕುಡಿಯಿರಿ.

ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ಬುದ್ಧನ ಪ್ರತಿಮೆಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬಾರದು. ಇದನ್ನು ಅವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ, ನಾವೂ ತೆಗೆದುಕೊಳ್ಳಬೇಕು. ಕೊಲ್ಲಿಯ ಪಕ್ಕದಲ್ಲೇ ಓಡುವ ಗಾಲೆ-ಮಾತರ ರಸ್ತೆಯ ಬಸ್ಸುಗಳು ಯಾರಿಗೂ ನಿಲ್ಲುವುದಿಲ್ಲ. ಬೋರ್ಡ್ ಹೊತ್ತು ದಾಟುವಾಗ ಅಲೆಗಿಂತ ಜಾಸ್ತಿ ಎಚ್ಚರ ಬೇಕಾಗಿರುವುದು ಅಲ್ಲಿ.

ಅಷ್ಟು ದೂರ ಹೋಗಿ ಸಮುದ್ರಕ್ಕೆ ಹೆದರಿ ವಾಪಸ್ ಬರುವ ಭಯ ಇದ್ದರೆ ಮೊದಲು ಮೂಲ್ಕಿಗೆ ಹೋಗಿ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ದೇಶದಲ್ಲೇ ಮೊದಮೊದಲು ಸರ್ಫಿಂಗ್ ಕಲಿಸಲು ಶುರುಮಾಡಿದ ಜಾಗಗಳಲ್ಲಿ ಒಂದು. ಪಕ್ಕದ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದೆ. ಮಳೆಗಾಲ ಬಿಟ್ಟು ಯಾವುದಾದರೂ ವಾರಾಂತ್ಯ ಎರಡು ಪಾಠ ಅಲ್ಲಿ ಮುಗಿಸಿಕೊಂಡರೆ ವೆಲಿಗಾಮದಲ್ಲಿ ಮೊದಲ ದಿನವೇ ಮುಂದಿನ ಹಂತಕ್ಕೆ ಹೋಗಬಹುದು. ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ತಿಳಿದುಕೊಳ್ಳುವ ಧೈರ್ಯವೇ ಬೇರೆ. ಈಜು ಬಾರದವರು ಎರಡಕ್ಕೂ ಮೊದಲು ಮನೆ ಹತ್ತಿರದ ಈಜುಕೊಳಕ್ಕೆ ಸೇರಿ.

ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಶ್ರೀಲಂಕಾ ಸರ್ಕಾರದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ತಾಣದಲ್ಲೇ ನೋಡಿ, ಅದರ ಥರವೇ ಕಾಣುವ ಬೇರೆ ತಾಣಗಳಿಗೆ ದುಡ್ಡು ಕಟ್ಟಬೇಡಿ. ಪ್ರಯಾಣ ವಿಮೆ ಮಾಡಿಸುವಾಗ ಅದರಲ್ಲಿ ಸರ್ಫಿಂಗ್ ಸೇರಿದೆಯಾ ಅಂತ ಓದಿ, ಸಾಹಸ ಕ್ರೀಡೆಯನ್ನು ಬಿಟ್ಟಿರುವ ಪಾಲಿಸಿಗಳು ಇರುತ್ತವೆ. ಇನ್ನು ವಾಪಸ್ ಬರುವ ವಿಮಾನ ಸಂಜೆಯದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಆ ದಿನ ಬೆಳಿಗ್ಗೆಯೂ ಆರೂವರೆಗೆ ನೀರಿಗಿಳಿದು, ಎಂಟೂವರೆಗೆ ಬೋರ್ಡ್ ವಾಪಸ್ ಕೊಟ್ಟು, ತಿಂಡಿ ತಿಂದು, ಟ್ಯಾಕ್ಸಿಯಲ್ಲಿ ನಿಧಾನಕ್ಕೆ ಹೊರಟರೂ ಸಾಕಷ್ಟು ಸಮಯ ಇರುತ್ತದೆ.